1 ಜಿಬಿ ಹ್ಯೂಜ್‌ಪೇಜ್ ಇರುವ ಕೆವಿಎಂ ಹೋಸ್ಟ್‌ನಲ್ಲಿ ಮೆಮೊರಿ ಎರರ್: ಒಂದು ವಿಎಂ ಸತ್ತಿತು, ಇನ್ನೊಂದು ಉಳಿಯಿತು, ಮುಂದೇನು?

ರಾತ್ರಿಪಾಳಿ (ಪ್ರಶ್ನೆ)

ಹೋಸ್ಟ್ (ವರ್ಚುವಲ್ ಮಷೀನ್, ಅಂದರೆ ವಿಎಂಗಳನ್ನು ಕೆವಿಎಂನಿಂದ ಓಡಿಸುವ ಸರ್ವರ್) ವಿವರ ಮೊದಲು. ಎರಡು ಸಾಕೆಟ್‌ನ ಇಂಟೆಲ್ ಝಿಯಾನ್, 64 ಜಿಬಿಯ 16 ಡಿಮ್ (ಮೆಮೊರಿ ಮಾಡ್ಯೂಲ್), ಒಟ್ಟು 1 ಟಿಬಿ ಇಸಿಸಿ (ತಪ್ಪು ಹಿಡಿದು ಸರಿಪಡಿಸುವ) ಡಿಡಿಆರ್4. ಉಬುಂಟು 22.04, ಕರ್ನಲ್ 5.15, ಕ್ಯೂಎಮು (ಪ್ರತಿ ವಿಎಂ ಓಡಿಸುವ ಪ್ರೊಸೆಸ್) 6.2, ಲಿಬ್‌ವರ್ಟ್ (ವಿಎಂ ನಿರ್ವಹಣೆಯ ಪದರ) 8.0. ತಲಾ 64 ಜಿಬಿಯ 12 ದೊಡ್ಡ ವಿಎಂಗಳಿವೆ, ಎಲ್ಲಕ್ಕೂ 1 ಜಿಬಿ ಹ್ಯೂಜ್‌ಪೇಜ್ (ಮಾಮೂಲಿ 4 ಕೆಬಿ ಬದಲು ದೊಡ್ಡ ತುಂಡಿನ ಮೆಮೊರಿ ಪೇಜ್) ಕೊಟ್ಟಿದೆ. ಜೊತೆಗೆ 16 ಜಿಬಿಯ ಎರಡು ಸಣ್ಣ ವಿಎಂ, ಅವು ಮಾಮೂಲಿ ಮೆಮೊರಿಯಲ್ಲಿ.

ದೊಡ್ಡ ವಿಎಂ ಒಂದು ದಿಢೀರನೆ ಸತ್ತಿದೆ. ಅದರ ಕ್ಯೂಎಮು ಲಾಗ್‌ನಲ್ಲಿ 'ಶಟಿಂಗ್ ಡೌನ್, ರೀಸನ್=ಕ್ರ್ಯಾಶ್ಡ್' ಬಿಟ್ಟರೆ ಏನೂ ಇಲ್ಲ. ಹೋಸ್ಟ್‌ನ ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಒಂದರ ಹಿಂದೆ ಒಂದು ಮೂರು ಸಾಲು:

'ಅನ್‌ಕರೆಕ್ಟೆಡ್ ಹಾರ್ಡ್‌ವೇರ್ ಮೆಮೊರಿ ಎರರ್ ಇನ್ ಯೂಸರ್-ಆಕ್ಸೆಸ್'
'ರಿಕವರಿ ಆಕ್ಷನ್ ಫಾರ್ ನಾನ್-ಪಿಎಂಡಿ-ಸೈಜ್ಡ್ ಹ್ಯೂಜ್ ಪೇಜ್: ಇಗ್ನೋರ್ಡ್'
'ಮೆಮೊರಿ ಎರರ್ ನಾಟ್ ರಿಕವರ್ಡ್'

ಅದಾಗಿ 40 ನಿಮಿಷಕ್ಕೆ ಸಣ್ಣ ವಿಎಂ ಒಂದಕ್ಕೂ ಪೆಟ್ಟು ಬಿತ್ತು, ಆದರೆ ಬೇರೆ ರೀತಿ. ಕ್ಯೂಎಮು ಲಾಗ್‌ನಲ್ಲಿ 'ಗೆಸ್ಟ್ ಎಂಸಿಇ ಮೆಮೊರಿ ಎರರ್' ಎಂದು ಶುರುವಾಗಿ 'ಇಂಜೆಕ್ಟೆಡ್' ಎಂದು ಮುಗಿಯುವ ಸಾಲು ಬಂದಿದೆ. ಗೆಸ್ಟ್ (ವಿಎಂ ಒಳಗಿನ ಸಿಸ್ಟಂ) ಒಳಗೆ ಒಂದು ಜಾವಾ ಪ್ರೊಸೆಸ್ ಸಿಗ್‌ಬಸ್ (ಮೆಮೊರಿ ತಪ್ಪಿಗೆ ಕರ್ನಲ್ ಕಳಿಸುವ ಸಿಗ್ನಲ್) ತಗೊಂಡು ಸತ್ತಿದೆ. ವಿಎಂ ಮಾತ್ರ ಈಗಲೂ ಓಡುತ್ತಿದೆ.

ಒಂದೇ ಬಗೆಯ ಎರರ್‌ಗೆ ಎರಡು ಬಗೆಯ ಫಲ ಯಾಕೆ? ಉಳಿದ ಎಲ್ಲ ವಿಎಂಗಳನ್ನೂ, ಪೆಟ್ಟು ತಿಂದು ಬದುಕಿರುವುದನ್ನೂ ಸೇರಿಸಿ, ಲೈವ್ ಮೈಗ್ರೇಟ್ ಮಾಡಿ (ಓಡುತ್ತಿರುವಾಗಲೇ ಬೇರೆ ಹೋಸ್ಟ್‌ಗೆ ಸಾಗಿಸಿ) ಹೋಸ್ಟ್ ಖಾಲಿ ಮಾಡಬಹುದೇ? ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡುವ ವಿಎಂಗಳೂ ಇದರಲ್ಲಿವೆ. ಗೊತ್ತಾಗದ ಹಾಗೆ ಡೇಟಾ ಕೆಟ್ಟಿರುವ ಸಾಧ್ಯತೆ ಇದೆಯೇ?

---

ಕರ್ನಲ್‌ಕಟ್ಟೆ

ನಿಮ್ಮ ಎರಡನೇ ಸಾಲಿನಲ್ಲೇ ಉತ್ತರ ಇದೆ: 'ನಾನ್-ಪಿಎಂಡಿ-ಸೈಜ್ಡ್ ಹ್ಯೂಜ್ ಪೇಜ್: ಇಗ್ನೋರ್ಡ್'.

ಮೊದಲು ಸರಿಯಾಗಿ ನಡೆಯುವ ದಾರಿ ಹೇಳುತ್ತೇನೆ, ಅದು ನಿಮ್ಮ ಸಣ್ಣ ವಿಎಂನಲ್ಲಿ ನಡೆದಿದೆ. ಇಸಿಸಿಗೆ ಸರಿಪಡಿಸಲಾಗದ ತಪ್ಪು ಸಿಕ್ಕಾಗ ಮೆಮೊರಿ ಕಂಟ್ರೋಲರ್ ಆ ಡೇಟಾಗೆ ಪಾಯ್ಸನ್ ಗುರುತು ಹಾಕುತ್ತದೆ. ಗೆಸ್ಟ್ ಕೋಡ್ ಅದನ್ನು ಓದಲು ಹೋದ ಕ್ಷಣಕ್ಕೆ ಸಿಪಿಯು ಮಷೀನ್ ಚೆಕ್ (ಎಂಸಿಇ, ಹಾರ್ಡ್‌ವೇರ್ ತಪ್ಪಿನ ಸೂಚನೆ) ಎತ್ತುತ್ತದೆ, ವಿಎಂ ಎಕ್ಸಿಟ್ ಆಗಿ ಹೋಸ್ಟ್ ಕರ್ನಲ್‌ಗೆ ಬರುತ್ತದೆ. ಕರ್ನಲ್ ತನ್ನ ಮೆಮೊರಿ_ಫೇಲ್ಯರ್ ಫಂಕ್ಷನ್ ಕರೆದು ಆ ಪೇಜನ್ನು ಎಲ್ಲ ಮ್ಯಾಪಿಂಗ್‌ಗಳಿಂದ ಕಿತ್ತು, ಆ ವಿಸಿಪಿಯು (ವಿಎಂನ ಸಿಪಿಯು) ಥ್ರೆಡ್‌ಗೆ ಸಿಗ್‌ಬಸ್ ಕಳಿಸುತ್ತದೆ. ಇಲ್ಲಿ ಸಿಗ್ನಲ್‌ನ ಕೋಡ್ ಮುಖ್ಯ: 'ಬಸ್_ಎಂಸಿಇಇಆರ್‌ಆರ್_ಎಆರ್', ಅಂದರೆ 'ಈಗಲೇ ಏನಾದರೂ ಮಾಡು, ಇಲ್ಲದಿದ್ದರೆ ಮುಂದಕ್ಕೆ ಹೋಗಲಾಗದು'. ಜೊತೆಯಲ್ಲೇ ವಿಳಾಸವೂ ಬರುತ್ತದೆ. ಕ್ಯೂಎಮು ಅದನ್ನು ಗೆಸ್ಟ್‌ನ ಭೌತಿಕ ವಿಳಾಸಕ್ಕೆ ಬದಲಿಸಿ, ಎರರ್ ರೆಜಿಸ್ಟರ್‌ಗಳ ಬ್ಯಾಂಕ್ 9ರಲ್ಲಿ ಒಂದು ಮಷೀನ್ ಚೆಕ್ ಬರೆದು ಗೆಸ್ಟ್‌ಗೆ ದಾಟಿಸುತ್ತದೆ. ಗೆಸ್ಟ್ ಕರ್ನಲ್ ತನ್ನೊಳಗೆ ಅದೇ ಕೆಲಸವನ್ನು ಮತ್ತೆ ಮಾಡುತ್ತದೆ: ಪೇಜ್ ಯಾರದೆಂದು ನೋಡಿ ಆ ಪ್ರೊಸೆಸ್ಸನ್ನಷ್ಟೇ ಕೊಲ್ಲುತ್ತದೆ. ನಿಮ್ಮ ಜಾವಾ ಪ್ರೊಸೆಸ್ ಸತ್ತಿದ್ದು ಹೀಗೆ.

ದೊಡ್ಡ ವಿಎಂನಲ್ಲಿ ಈ ಸರಪಳಿ ಎರಡನೇ ಕೊಂಡಿಯಲ್ಲೇ ತುಂಡಾಗಿದೆ. ಲಿನಕ್ಸ್ 4.17ರಲ್ಲಿ 1 ಜಿಬಿ ಹ್ಯೂಜ್‌ಪೇಜ್‌ಗಳಿಗೆ ಮೆಮೊರಿ ಎರರ್ ನಿರ್ವಹಣೆಯನ್ನೇ ನಿಲ್ಲಿಸಿದ್ದರು. ಅದು ಮರಳಿ ಬಂದದ್ದು 6.0ರಲ್ಲಿ. ನಿಮ್ಮ 5.15 ನಡುವೆ ಸಿಕ್ಕಿಬಿದ್ದಿದೆ. ಪೇಜಿನ ಗಾತ್ರ 2 ಎಂಬಿಗಿಂತ (ಅದೇ 'ಪಿಎಂಡಿ' ಗಾತ್ರ) ದೊಡ್ಡದು ಎಂದು ಕಂಡ ತಕ್ಷಣ ಫಂಕ್ಷನ್ 'ಇಗ್ನೋರ್ಡ್' ಎಂದು ಬರೆದು ಎರರ್ ಕೋಡ್ ಹಿಂದಿರುಗಿಸುತ್ತದೆ. ಆಗ ಮಷೀನ್ ಚೆಕ್ ಕೋಡ್ 'ನಾಟ್ ರಿಕವರ್ಡ್' ಎಂದು ಬರೆದು ಬರಿಯ ಸಿಗ್‌ಬಸ್ ಕಳಿಸುತ್ತದೆ. ಅದರಲ್ಲಿ ಎಂಸಿಇ ಕೋಡ್ ಇಲ್ಲ, ವಿಳಾಸವೂ ಇಲ್ಲ. ಕ್ಯೂಎಮುವಿನ ಸಿಗ್‌ಬಸ್ ಹ್ಯಾಂಡ್ಲರ್ ಮೊದಲು ನೋಡುವುದೇ ಆ ಕೋಡನ್ನು. ಇಲ್ಲದಿದ್ದರೆ ಸಿಗ್ನಲ್ಲನ್ನು ಮತ್ತೆ ತನ್ನ ಮೇಲೇ ಎಸೆದುಕೊಂಡು ಸಾಯುತ್ತದೆ. ಲಾಗ್‌ನಲ್ಲಿ ಒಂದಕ್ಷರವೂ ಇಲ್ಲದೆ 'ಕ್ರ್ಯಾಶ್ಡ್' ಎಂದಷ್ಟೇ ಕಂಡದ್ದು ಅದಕ್ಕೇ.

ಡಿಸ್ಟ್ರೋಗಳು ಹೊಸ ತಿದ್ದುಪಡಿಗಳನ್ನು ಹಳೆಯ ಕರ್ನಲ್‌ಗೆ ಬ್ಯಾಕ್‌ಪೋರ್ಟ್ ಮಾಡಿರುತ್ತವೆ, ಹಾಗಾಗಿ ಆವೃತ್ತಿ ಸಂಖ್ಯೆಯನ್ನೇ ನಂಬಬೇಡಿ. ಆ 'ನಾನ್-ಪಿಎಂಡಿ' ಸಾಲು ಬರುತ್ತದೆಯೋ ಇಲ್ಲವೋ ಎಂಬುದೇ ಸಾಕ್ಷಿ.

ಕರ್ನಲ್ 6.0ಕ್ಕೆ ಹೋದರೆ ಪೂರ್ತಿ ಪರಿಹಾರ ಎಂದೂ ತಿಳಿಯಬೇಡಿ. ಅಲ್ಲಿ ಸಿಗ್ನಲ್ ಸರಿಯಾಗಿ ಹೋಗುತ್ತದೆ, ಆದರೆ ಮ್ಯಾಪಿಂಗ್‌ನಿಂದ ಕಿತ್ತುಹೋಗುವುದು ಇಡೀ 1 ಜಿಬಿ. ಕೆಟ್ಟಿದ್ದು 64 ಬೈಟ್‌ನ ಒಂದು ಕ್ಯಾಶ್ ಲೈನ್, ಕಳೆದುಹೋಗುವುದು 4 ಕೆಬಿಯ 2,62,144 ಪೇಜ್. ಗೆಸ್ಟ್‌ಗೆ ತಿಳಿಸುವುದು ಅದರಲ್ಲಿ ಒಂದು ಪೇಜ್ ಬಗ್ಗೆ ಮಾತ್ರ. ಉಳಿದವನ್ನು ಮುಟ್ಟಿದಾಗಲೆಲ್ಲ ಹೊಸ ಸಿಗ್‌ಬಸ್, ಹೊಸ ಮಷೀನ್ ಚೆಕ್. ಅವುಗಳಲ್ಲಿ ಒಂದು ಗೆಸ್ಟ್ ಕರ್ನಲ್‌ನ ಸ್ವಂತ ಡೇಟಾ ಆಗಿದ್ದರೆ ಅಲ್ಲಿಗೆ ಪ್ಯಾನಿಕ್, ಇಡೀ ಗೆಸ್ಟ್ ನಿಲ್ಲುತ್ತದೆ.

---

ತುಂಗಾತೀರ

ಮೈಗ್ರೇಶನ್ ಪ್ರಶ್ನೆಗೆ: ಪೆಟ್ಟು ತಿಂದು ಬದುಕಿರುವ ಸಣ್ಣ ವಿಎಂ ಅನ್ನು ಲೈವ್ ಮೈಗ್ರೇಟ್ ಮಾಡಲೇಬೇಡಿ.

ಗೆಸ್ಟ್ ಆ ಪೇಜನ್ನು ಬದಿಗಿಟ್ಟಿದೆ, ಮತ್ತೆ ಮುಟ್ಟುವುದಿಲ್ಲ, ಅದಕ್ಕೇ ಬದುಕಿದೆ. ಆದರೆ ಮೈಗ್ರೇಶನ್ ಥ್ರೆಡ್‌ಗೆ ಆ ವಿಷಯ ಗೊತ್ತಿಲ್ಲ. ಅದು ಗೆಸ್ಟ್ ಮೆಮೊರಿಯ ಪ್ರತಿ ಪೇಜನ್ನೂ ಓದಿ, ಪೂರ್ತಿ ಸೊನ್ನೆಯೇ ಎಂದು ಪರೀಕ್ಷಿಸಿ ಕಳಿಸುತ್ತದೆ. ಆ ಸೊನ್ನೆ ಪರೀಕ್ಷೆ ಪಾಯ್ಸನ್ ಆದ ಪೇಜಿನ ಮೇಲೆ ಕಾಲಿಟ್ಟ ಕೂಡಲೇ ಸಿಗ್‌ಬಸ್, ಇಡೀ ಕ್ಯೂಎಮು ಹೊರಟುಹೋಗುತ್ತದೆ. ಕೋರ್ ಫೈಲ್ ತೆರೆದರೆ ಸ್ಟ್ಯಾಕ್‌ನ ತುದಿಯಲ್ಲಿ 'ಬಫರ್_ಝೀರೋ' ಎಂದು ಶುರುವಾಗುವ ಫಂಕ್ಷನ್ ಕಾಣುತ್ತದೆ. ಕ್ಯೂಎಮು 9.0ರಿಂದ ಇದಕ್ಕೆ ತಡೆ ಇದೆ: ಪಾಯ್ಸನ್ ಪೇಜ್ ಗೊತ್ತಿದ್ದರೆ ಮೈಗ್ರೇಶನ್ ಶುರುವಾಗುವುದೇ ಇಲ್ಲ, ವಿಎಂ ರೀಬೂಟ್ ಮಾಡಿ ಮತ್ತೆ ಪ್ರಯತ್ನಿಸಿ ಎಂಬ ಸಂದೇಶ ಬರುತ್ತದೆ. ನಿಮ್ಮ 6.2ರಲ್ಲಿ ಆ ತಡೆ ಇಲ್ಲ. ಮೆಮೊರಿ ಸಮೇತ ಸ್ನ್ಯಾಪ್‌ಶಾಟ್, ವರ್ಶ್ (ಲಿಬ್‌ವರ್ಟ್‌ನ ಕಮಾಂಡ್) ಸೇವ್, ಮೆಮೊರಿ ಡಂಪ್, ಇವಕ್ಕೂ ಇದೇ ಗತಿ, ಏಕೆಂದರೆ ಅವೂ ಎಲ್ಲ ಪೇಜ್ ಓದುತ್ತವೆ.

ಆ ವಿಎಂಗೆ ಮಾಡಬೇಕಾದ್ದು: ಒಳಗಿನ ಸೇವೆಗಳನ್ನು ಒಂದೊಂದಾಗಿ ಶಿಸ್ತಾಗಿ ನಿಲ್ಲಿಸಿ, ಗೆಸ್ಟ್‌ನಿಂದಲೇ ಶಟ್‌ಡೌನ್ ಕೊಟ್ಟು, ಬೇರೆ ಹೋಸ್ಟ್‌ನಲ್ಲಿ ಹೊಸದಾಗಿ ಎಬ್ಬಿಸುವುದು. ನಿಲ್ಲಿಸುವ ಮೊದಲು ಗೆಸ್ಟ್‌ನ ಡಿಮೆಸೇಜ್ ಉಳಿಸಿಕೊಳ್ಳಿ. ಡೇಟಾ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ:

'ಕ್ಲೀನ್ ಎಲ್‌ಆರ್‌ಯು ಪೇಜ್: ರಿಕವರ್ಡ್' ಎಂದಿದ್ದರೆ ನಷ್ಟವಿಲ್ಲ. ಡಿಸ್ಕ್‌ನಲ್ಲಿ ಅದರ ಪ್ರತಿ ಇದೆ, ಬೇಕಾದಾಗ ಮತ್ತೆ ಓದುತ್ತದೆ.

'ಡರ್ಟಿ ಎಲ್‌ಆರ್‌ಯು ಪೇಜ್: ರಿಕವರ್ಡ್' (ಡಿಸ್ಕ್‌ನಲ್ಲಿ ಪ್ರತಿ ಇಲ್ಲದ ಬದಲಾವಣೆ ಇದ್ದ ಪೇಜ್) ಎಂದಿದ್ದರೆ ಎಚ್ಚರ. 'ರಿಕವರ್ಡ್' ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಕರ್ನಲ್ ಚೇತರಿಸಿಕೊಂಡಿತು ಎಂದಷ್ಟೇ ಅದರ ಅರ್ಥ, ಡೇಟಾ ಚೇತರಿಸಿಕೊಂಡಿತು ಎಂದಲ್ಲ. ಪೇಜ್ ಪ್ರೊಸೆಸ್ಸಿನ ಸ್ವಂತ ಮೆಮೊರಿ ಆಗಿದ್ದರೆ ಪ್ರೊಸೆಸ್ ಸತ್ತಿರುತ್ತದೆ, ನಿಮ್ಮ ಜಾವಾ ಹಾಗೇ. ಅದು ಫೈಲ್‌ಗೆ ಇನ್ನೂ ಬರೆಯಬೇಕಿದ್ದ ಪೇಜ್ ಆಗಿದ್ದರೆ ಆ ಬರಹ ಹೋಯಿತು. ಮುಂದಿನ ಎಫ್‌ಸಿಂಕ್‌ಗೆ (ಡಿಸ್ಕ್‌ಗೆ ಬರೆ ಎಂಬ ಕರೆ) ಇಐಒ (ಓದು-ಬರಹ ವಿಫಲ) ಎರರ್ ಒಮ್ಮೆ ಬರುತ್ತದೆ. ಅದನ್ನು ಪರೀಕ್ಷಿಸದ ಅಪ್ಲಿಕೇಶನ್ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ.

ಇಸಿಸಿ ಹಿಡಿದ ತಪ್ಪು ಗೊತ್ತಾಗದೆ ಒಳಗೆ ನುಸುಳುವುದಿಲ್ಲ. ಪಾಯ್ಸನ್ ಗುರುತು ಇರುವುದೇ ಅದನ್ನು ತಡೆಯಲು. ಪೋಸ್ಟ್‌ಗ್ರೆಸ್ ವಿಚಾರದಲ್ಲಿ ಒಂದು ಮಾತು: ಒಂದು ಬ್ಯಾಕೆಂಡ್ (ಒಂದು ಸಂಪರ್ಕದ ಪ್ರೊಸೆಸ್) ಸಿಗ್‌ಬಸ್‌ನಿಂದ ಸತ್ತರೆ ಪೋಸ್ಟ್‌ಮಾಸ್ಟರ್ (ಮೂಲ ಪ್ರೊಸೆಸ್) ಉಳಿದ ಎಲ್ಲ ಬ್ಯಾಕೆಂಡ್‌ಗಳನ್ನೂ ಕೆಡವಿ ಡಬ್ಲ್ಯೂಎಎಲ್‌ನಿಂದ (ಬದಲಾವಣೆಗಳ ಲಾಗ್) ಕ್ರ್ಯಾಶ್ ರಿಕವರಿ ಮಾಡುತ್ತದೆ. ಶೇರ್ಡ್ ಬಫರ್ ಎಲ್ಲರಿಗೂ ಸೇರಿದ್ದಾದ್ದರಿಂದ ಅದೇ ಸರಿಯಾದ ನಡೆ. ಪೆಟ್ಟು ಬೀಳದ ಪೋಸ್ಟ್‌ಗ್ರೆಸ್ ವಿಎಂಗಳ ಬಗ್ಗೆ ಈಗ ಚಿಂತೆ ಬೇಡ.

ಉಳಿದವನ್ನು ಲೈವ್ ಮೈಗ್ರೇಟ್ ಮಾಡಬಹುದು, ಆದರೆ ಅಪಾಯ ಸೊನ್ನೆಯಲ್ಲ. ಮೈಗ್ರೇಶನ್ ಎಂದರೆ 64 ಜಿಬಿಯನ್ನೂ ಓದುವುದು. ಇದುವರೆಗೆ ಯಾರೂ ಮುಟ್ಟದ ಕೆಟ್ಟ ಜಾಗವೊಂದು ಅದರಲ್ಲಿದ್ದರೆ ಓದುವಾಗಲೇ ಸಿಡಿಯುತ್ತದೆ. ಹಾಗಾಗಿ ಹೊರಡಿಸುವ ಮೊದಲು ಡೇಟಾಬೇಸ್‌ಗೆ ಚೆಕ್‌ಪಾಯಿಂಟ್ ಕೊಟ್ಟು, ರೆಪ್ಲಿಕಾ ಸಮಸಮ ಇದೆಯೇ ನೋಡಿಕೊಳ್ಳಿ. ಸ್ವಲ್ಪ ಹೊತ್ತು ನಿಲ್ಲಿಸಲು ಅನುಮತಿ ಇರುವ ವಿಎಂಗಳಿಗೆ ಶಟ್‌ಡೌನ್ ಮಾಡಿ ಬೇರೆಡೆ ಎಬ್ಬಿಸುವುದೇ ಸುರಕ್ಷಿತ. ಹೊಸ ವಿಎಂಗಳನ್ನು ಈ ಹೋಸ್ಟ್‌ಗೆ ಹಾಕದಂತೆ ಷೆಡ್ಯೂಲರ್‌ನಲ್ಲಿ ಈಗಲೇ ತಡೆ ಹಾಕಿ.

---

ಹತ್ತುಗಂಟೆ

ಇಷ್ಟೆಲ್ಲ ತಲೆನೋವು ಯಾಕೆ? ವಿಎಂ.ಮೆಮೊರಿ_ಫೇಲ್ಯರ್_ರಿಕವರಿ ಎಂಬ ಹೋಸ್ಟ್ ಕರ್ನಲ್ ಸೆಟ್ಟಿಂಗ್ ಅನ್ನು 0 ಮಾಡಿಬಿಟ್ಟರೆ ಎರರ್ ಬಂದ ಕೂಡಲೇ ಹೋಸ್ಟ್ ಪ್ಯಾನಿಕ್ ಆಗುತ್ತದೆ, ಎಚ್‌ಎ ಕ್ಲಸ್ಟರ್ (ಒಂದು ಹೋಸ್ಟ್ ಬಿದ್ದರೆ ಬೇರೆಯವು ವಹಿಸಿಕೊಳ್ಳುವ ಗುಂಪು) ಎಲ್ಲ ವಿಎಂಗಳನ್ನೂ ಬೇರೆ ಕಡೆ ಎಬ್ಬಿಸುತ್ತದೆ. ಅರೆಜೀವದ ಸ್ಥಿತಿಯೇ ಇರುವುದಿಲ್ಲ.

---

ಕರ್ನಲ್‌ಕಟ್ಟೆ

ಒಂದು ವಿಎಂನ ಒಂದು ಪೇಜಿಗಾಗಿ 14 ವಿಎಂಗಳನ್ನು ಕೊಲ್ಲುವುದನ್ನು ನಾನು ಒಪ್ಪುವುದಿಲ್ಲ. ಇನ್ನೂ ಒಂದು ತೊಡಕಿದೆ. ಪ್ಯಾಟ್ರೋಲ್ ಸ್ಕ್ರಬ್ ಎಂಬ ಹಿನ್ನೆಲೆ ಓದು ಪತ್ತೆಹಚ್ಚಿದ, ಯಾರೂ ಬಳಸುತ್ತಿಲ್ಲದ ಪೇಜಿನ ತಪ್ಪೂ ಮೆಮೊರಿ_ಫೇಲ್ಯರ್‌ಗೇ ಬರುತ್ತದೆ. ಪೇಜನ್ನು ಸದ್ದಿಲ್ಲದೆ ತೆಗೆದಿಟ್ಟು ಮುಂದೆ ಹೋಗಬಹುದಾದ ಕಡೆಯೂ 0 ಎಂದಿದ್ದರೆ ಪ್ಯಾನಿಕ್. ಡೀಫಾಲ್ಟ್ 1, ಅದನ್ನೇ ಇಡಿ.

ಹಾಗೆಯೇ ವಿಎಂ.ಮೆಮೊರಿ_ಫೇಲ್ಯರ್_ಅರ್ಲಿ_ಕಿಲ್ (ಕೆಟ್ಟ ಪೇಜ್ ಮುಟ್ಟುವ ಮೊದಲೇ ಸಿಗ್ನಲ್) ಅನ್ನು 1 ಮಾಡಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ. ಕ್ಯೂಎಮುಗೆ ಅದರ ಅಗತ್ಯ ಇಲ್ಲ. ಪಿಆರ್‌ಸಿಟಿಎಲ್ ಎಂಬ ಕರ್ನಲ್ ಕರೆಯ ಮೂಲಕ ತನಗಷ್ಟೇ ಮುಂಚಿತ ಸೂಚನೆ ಬೇಕೆಂದು ಅದು ಶುರುವಿನಲ್ಲೇ ಕೇಳಿಕೊಂಡಿರುತ್ತದೆ. ಸಿಸ್ಟಂ ಇಡೀ ಆ ಸೆಟ್ಟಿಂಗ್ ಹಾಕಿದರೆ ಹೋಸ್ಟ್‌ನ ಬೇರೆ ಡೀಮನ್‌ಗಳು ಸುಮ್ಮನೆ ಸಾಯುತ್ತವೆ.

---

ರಾತ್ರಿಪಾಳಿ

ಸಣ್ಣ ವಿಎಂ ಅನ್ನು ಶಟ್‌ಡೌನ್ ಮಾಡಿ ಬೇರೆಡೆ ಎಬ್ಬಿಸಿದೆ. ಗೆಸ್ಟ್ ಲಾಗ್‌ನಲ್ಲಿ ಇದ್ದದ್ದು ಡರ್ಟಿ ಎಲ್‌ಆರ್‌ಯು, ಜಾವಾ ಹೀಪ್‌ನ ಪೇಜ್, ಫೈಲ್ ಅಲ್ಲ. ಉಳಿದವು ಒಂದೊಂದಾಗಿ ಹೊರಡುತ್ತಿವೆ. ಎರಡು ಪ್ರಶ್ನೆ ಉಳಿದವು. ಕೆಟ್ಟ ಡಿಮ್ ಯಾವುದೆಂದು ಖಚಿತ ಮಾಡಿಕೊಳ್ಳುವುದು ಹೇಗೆ? ಬದಲಿ ಡಿಮ್ ಬರಲು ಕೆಲವು ದಿನ ಬೇಕು, ಅಲ್ಲಿಯವರೆಗೆ ರೀಬೂಟ್ ಮಾಡಿ ಹೋಸ್ಟ್ ಬಳಸಬಹುದೇ?

---

ಡಿಮ್‌ಸಾಲು

ಕರ್ನಲ್‌ನ ಪಾಯ್ಸನ್ ಪಟ್ಟಿ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ರೀಬೂಟ್ ಆದರೆ ಎಲ್ಲ ಮರೆತು ಅದೇ ಕೆಟ್ಟ ಜಾಗವನ್ನು ಮತ್ತೆ ಯಾರಿಗೋ ಹಂಚುತ್ತದೆ. ಆದ್ದರಿಂದ ರೀಬೂಟ್ ಮೊದಲೇ ಸಾಕ್ಷ್ಯ ಎತ್ತಿಟ್ಟುಕೊಳ್ಳಿ.

ರಾಸ್‌ಡೀಮನ್ (ಹಾರ್ಡ್‌ವೇರ್ ಎರರ್ ದಾಖಲಿಸುವ ಸೇವೆ) ಓಡುತ್ತಿದ್ದರೆ ರಾಸ್-ಎಂಸಿ-ಸಿಟಿಎಲ್ ಕಮಾಂಡ್ ಅನ್ನು '--ಎರರ್ಸ್' ಆಯ್ಕೆಯೊಂದಿಗೆ ಕೊಡಿ. ಸಮಯ, ಕಂಟ್ರೋಲರ್, ಚಾನೆಲ್, ಸ್ಲಾಟ್, ವಿಳಾಸ ಸಿಗುತ್ತವೆ. '--ಎರರ್-ಕೌಂಟ್' ಕೊಟ್ಟರೆ ಪ್ರತಿ ಡಿಮ್‌ಗೆ ಸರಿಪಡಿಸಿದವು ಎಷ್ಟು, ಸರಿಪಡಿಸಲಾಗದವು ಎಷ್ಟು ಎಂಬ ಲೆಕ್ಕ. ಇದೇ ಲೆಕ್ಕ ಸಿಸ್ ಫೈಲ್‌ಸಿಸ್ಟಂನ ಇಡಾಕ್ (ಕರ್ನಲ್‌ನ ಮೆಮೊರಿ ಎರರ್ ಲೆಕ್ಕದ ಭಾಗ) ಫೋಲ್ಡರ್‌ನಲ್ಲೂ ಇದೆ, ಆದರೆ ಅದೂ ರೀಬೂಟ್‌ಗೆ ಸೊನ್ನೆಯಾಗುತ್ತದೆ. ರಾಸ್‌ಡೀಮನ್ ಎಸ್‌ಕ್ಯೂಲೈಟ್‌ನಲ್ಲಿ ಬರೆದಿಡುವಂತೆ ಮಾಡಿದ್ದರೆ ಮಾತ್ರ ಹಳೆಯದು ಉಳಿಯುತ್ತದೆ. ಬಿಎಂಸಿಯ (ಸರ್ವರ್ ಬೋರ್ಡ್‌ನ ನಿಗಾ ಚಿಪ್) ಈವೆಂಟ್ ಲಾಗ್ ಅನ್ನು ಐಪಿಎಂಐಟೂಲ್‌ನಿಂದ ತೆಗೆದು ಎರಡನ್ನೂ ಹೋಲಿಸಿ.

ಇಲ್ಲಿ ಒಂದು ತಪ್ಪು ಬಹಳ ಸಲ ಆಗುತ್ತದೆ. ಇಡಾಕ್‌ನ 'ಎಂಸಿ1, ಚಾನೆಲ್ 0, ಸ್ಲಾಟ್ 0' ಎಂಬುದಕ್ಕೂ ಬೋರ್ಡ್ ಮೇಲೆ ಅಚ್ಚಾಗಿರುವ ಹೆಸರಿಗೂ ನೇರ ಸಂಬಂಧ ಇರಬೇಕೆಂದಿಲ್ಲ. ಆ ಬೋರ್ಡ್‌ನ ಲೇಬಲ್ ಫೈಲ್ ರಾಸ್‌ಡೀಮನ್‌ನಲ್ಲಿ ಇಲ್ಲದಿದ್ದರೆ ಊಹೆ ಮೇಲೆ ಡಿಮ್ ಕಿತ್ತು, ಒಳ್ಳೆಯದನ್ನು ಎಸೆದು, ಕೆಟ್ಟದ್ದನ್ನು ಉಳಿಸಿಕೊಳ್ಳುವ ಹಾಗಾಗುತ್ತದೆ. ಡಿಎಂಐಡಿಕೋಡ್ ಕಮಾಂಡ್‌ನ ಮೆಮೊರಿ ಭಾಗದಲ್ಲಿ ಪ್ರತಿ ಡಿಮ್‌ನ ಲೊಕೇಟರ್ ಹೆಸರು, ಸೀರಿಯಲ್ ನಂಬರ್ ಎರಡೂ ಬರುತ್ತವೆ. ಸೀರಿಯಲ್ ನಂಬರ್ ಬರೆದಿಟ್ಟುಕೊಂಡು, ಕಿತ್ತ ಮೇಲೆ ಸ್ಟಿಕ್ಕರ್ ಓದಿ ತಾಳೆ ನೋಡಿ.

ಅಲ್ಲಿಯವರೆಗೆ ಬಳಸುವ ಬಗ್ಗೆ: ಒಂದೇ ಡಿಮ್‌ನಲ್ಲಿ 40 ನಿಮಿಷದಲ್ಲಿ ಎರಡು ಬೇರೆ ವಿಳಾಸಕ್ಕೆ ಸರಿಪಡಿಸಲಾಗದ ಎರರ್ ಬಂದಿದ್ದರೆ ಅದು ಒಂದು ಬಿಟ್‌ನ ದೋಷವಲ್ಲ, ರೋ, ಬ್ಯಾಂಕ್ ಅಥವಾ ಕನೆಕ್ಟರ್ ಮಟ್ಟದ್ದು. ಆ ಡಿಮ್ ತೆಗೆದು, ಚಾನೆಲ್‌ಗಳು ಸಮತೋಲವಾಗಿರುವಂತೆ ಸರ್ವರ್ ಕೈಪಿಡಿಯ ಜೋಡಣೆ ಪಟ್ಟಿ ನೋಡಿ, ಕಡಿಮೆ ಮೆಮೊರಿಯಲ್ಲಿ ಓಡಿಸಿ. ಮತ್ತೆ ಕೂರಿಸಿದರೆ ಸರಿಹೋದೀತು ಎಂದು ಅದರ ಮೇಲೆ ವಿಎಂ ಹಾಕಬೇಡಿ. ಬಯಾಸ್‌ನಲ್ಲಿ ಪೋಸ್ಟ್ ಪ್ಯಾಕೇಜ್ ರಿಪೇರ್ ಆಯ್ಕೆ ಇದ್ದರೆ ಬೂಟ್ ವೇಳೆ ಕೆಟ್ಟ ರೋಗೆ ಬದಲಿ ರೋ ಜೋಡಿಸುತ್ತದೆ. ಬದಲಿ ರೋಗಳು ಬೆರಳೆಣಿಕೆಯವು, ಒಂದೆರಡು ರೋ ಕೆಟ್ಟಾಗ ಮಾತ್ರ ಅದು ಉಪಯೋಗ.

ಒಂದೇ ವಿಳಾಸ ಮತ್ತೆ ಮತ್ತೆ ಬರುತ್ತಿದ್ದರೆ ಕರ್ನಲ್‌ನ ಮೆಮ್‌ಮ್ಯಾಪ್ ಬೂಟ್ ಆಯ್ಕೆಯಲ್ಲಿ ಗಾತ್ರ, ಡಾಲರ್ ಚಿಹ್ನೆ, ವಿಳಾಸ ಕೊಟ್ಟು ಆ ತುಂಡನ್ನು ಮೀಸಲಿಡಬಹುದು. ಗ್ರಬ್‌ನ (ಬೂಟ್‌ಲೋಡರ್) ಡೀಫಾಲ್ಟ್ ಫೈಲ್‌ನಲ್ಲಿ ಡಾಲರ್ ಮುಂದೆ ಮೂರು ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲದಿದ್ದರೆ ಗ್ರಬ್ ಅದನ್ನು ವೇರಿಯೇಬಲ್ ಎಂದು ನುಂಗಿಬಿಡುತ್ತದೆ. ಬೂಟ್ ಆದ ಮೇಲೆ ಪ್ರಾಕ್‌ನ ಸಿಎಂಡಿಲೈನ್ ಫೈಲ್ ತೆರೆದು ಡಾಲರ್ ಉಳಿದಿದೆಯೇ ನೋಡಿ.

---

ಕರ್ನಲ್‌ಕಟ್ಟೆ

ಹೋಸ್ಟ್ ಹೇಗೂ ಖಾಲಿಯಾಗುತ್ತಿದೆ, ಹಿಂದಿರುಗಿಸುವ ಮೊದಲು ಇವನ್ನು ಸರಿಮಾಡಿ.

ಪೇಜ್ ಗಾತ್ರವೇ ಎಲ್ಲಕ್ಕಿಂತ ಮುಖ್ಯ. 1 ಜಿಬಿಯಿಂದ 2 ಎಂಬಿಗೆ ಇಳಿದರೆ ಒಂದು ಎರರ್‌ಗೆ ಹೋಗುವುದು 512 ಪೇಜ್. ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ (ಕರ್ನಲ್ ತಾನಾಗಿ ಕೂಡಿಸಿ ಕೊಡುವುದು) ಆದರೆ ಕರ್ನಲ್ ಅದನ್ನು ಒಡೆದು 4 ಕೆಬಿಯನ್ನಷ್ಟೇ ಬಿಸಾಡುತ್ತದೆ. ಮಾಮೂಲಿ ಮೆಮೊರಿಯಲ್ಲಿದ್ದ ನಿಮ್ಮ ಸಣ್ಣ ವಿಎಂ ಬದುಕಿದ್ದೂ 4 ಕೆಬಿ ಮಾತ್ರ ಹೋದ ಕಾರಣಕ್ಕೆ. 1 ಜಿಬಿಯಿಂದ ನಿಮ್ಮ ಕೆಲಸಕ್ಕೆ ನಿಜವಾಗಿ ಎಷ್ಟು ವೇಗ ಸಿಗುತ್ತಿದೆ ಎಂದು ಅಳೆದು ನೋಡಿ. ಡೇಟಾಬೇಸ್ ವಿಎಂಗಳಿಗೆ ನನ್ನ ಆಯ್ಕೆ 2 ಎಂಬಿ.

1 ಜಿಬಿ ಬಿಡಲಾಗದು ಎಂದಾದರೆ ಕರ್ನಲ್ 6.0 ಅಥವಾ ಅದರ ಆಚೆಯದು ಮತ್ತು ಕ್ಯೂಎಮು 10.0 ಇರಲಿ. ಗೆಸ್ಟ್ ರೀಬೂಟ್ ಆದಾಗ ಪಾಯ್ಸನ್ ಪೇಜ್ ಜಾಗಕ್ಕೆ ಹೊಸ ಪೇಜ್ ತರುವ ಕೆಲಸ ಕ್ಯೂಎಮುದು. ಹಳೆಯ ಆವೃತ್ತಿಗಳು ಹ್ಯೂಜ್‌ಪೇಜ್‌ನಲ್ಲೂ 4 ಕೆಬಿಯನ್ನಷ್ಟೇ ರೀಮ್ಯಾಪ್ ಮಾಡಲು ಹೋಗಿ ಸೋಲುತ್ತಿದ್ದವು, 10.0ರಲ್ಲಿ ಅದು ಸರಿಯಾಗಿದೆ.

ಸಾಫ್ಟ್ ಆಫ್‌ಲೈನ್ ಕಡೆಗೂ ಗಮನ ಇರಲಿ. ಸರಿಪಡಿಸಿದ ಎರರ್‌ಗಳು ಒಂದು ಪೇಜ್ ಮೇಲೆ ಹೆಚ್ಚಾದಾಗ ರಾಸ್‌ಡೀಮನ್ ಆ ಪೇಜಿನ ಡೇಟಾವನ್ನು ಬೇರೆಡೆ ಸರಿಸಿ ಪೇಜನ್ನು ನಿವೃತ್ತಿ ಮಾಡಬಲ್ಲದು. ಅದರ ಕಾನ್ಫಿಗ್‌ನಲ್ಲಿ ಸಾಮಾನ್ಯವಾಗಿ 24 ಗಂಟೆಗೆ 50 ಎಂದಿರುತ್ತದೆ. ಸಣ್ಣ ಪೇಜ್‌ಗಳಿಗೆ ಇದು ಒಳ್ಳೆಯದೇ. ಹ್ಯೂಜ್‌ಪೇಜ್‌ನಲ್ಲಿ ಮಾತ್ರ 4 ಕೆಬಿಗಾಗಿ ಇಡೀ ಹ್ಯೂಜ್‌ಪೇಜ್ ಒಡೆದು ಪೂಲ್‌ನಿಂದ ಒಂದು ಕಡಿಮೆಯಾಗುತ್ತದೆ, ಮುಂದೆ ಯಾವುದೋ ವಿಎಂ ಶುರುವಾಗದೆ ಕೂರುತ್ತದೆ. ಪೂಲ್‌ನಲ್ಲಿ ಬಿಡಿ ಪೇಜ್ ಇಲ್ಲದಿದ್ದರೆ ಸರಿಸುವುದೂ ಆಗುವುದಿಲ್ಲ. ವಿಎಫ್‌ಐಒ ಮೂಲಕ ಹೋಸ್ಟ್‌ನ ಸಾಧನವನ್ನೇ ನೇರವಾಗಿ ಕೊಟ್ಟ ವಿಎಂಗಳ ಮೆಮೊರಿ ಪಿನ್ ಆಗಿರುತ್ತದೆ (ಸರಿಸಲಾಗದು), ಅಲ್ಲೂ ಸೋಲುತ್ತದೆ. ಕರ್ನಲ್ 6.11ರಿಂದ ವಿಎಂ.ಎನೇಬಲ್_ಸಾಫ್ಟ್_ಆಫ್‌ಲೈನ್ ಎಂಬ ಸ್ವಿಚ್ ಇದೆ, 0 ಮಾಡಿದರೆ ನಿಲ್ಲುತ್ತದೆ.

ಗೆಸ್ಟ್‌ಗೆ ಎಲ್‌ಎಂಸಿಇ (ಒಂದೇ ಸಿಪಿಯುಗೆ ಹೋಗುವ ಮಷೀನ್ ಚೆಕ್) ಕೊಡಿ, ಹೋಸ್ಟ್ ಸಿಪಿಯುನಲ್ಲಿ ಅದು ಇದ್ದರೆ. ಇಲ್ಲದಿದ್ದರೆ ಇಂಟೆಲ್ ಗೆಸ್ಟ್‌ನಲ್ಲಿ ಮಷೀನ್ ಚೆಕ್ ಎಲ್ಲ ವಿಸಿಪಿಯುಗಳಿಗೂ ಏಕಕಾಲಕ್ಕೆ ಹೋಗುತ್ತದೆ, ಗೆಸ್ಟ್ ಕರ್ನಲ್ ಎಲ್ಲವೂ ಬಂದು ಸೇರಲಿ ಎಂದು ಕಾಯುತ್ತದೆ. ವಿಸಿಪಿಯು ಓವರ್‌ಕಮಿಟ್ (ನಿಜ ಸಿಪಿಯುಗಿಂತ ಹೆಚ್ಚು ವಿಸಿಪಿಯು) ಜಾಸ್ತಿ ಇರುವ ಹೋಸ್ಟ್‌ನಲ್ಲಿ ಒಂದಕ್ಕೆ ಸಮಯಕ್ಕೆ ಸರಿಯಾಗಿ ಓಡಲು ಅವಕಾಶ ಸಿಗದಿದ್ದರೂ ಟೈಮ್‌ಔಟ್ ಆಗಿ ಪ್ಯಾನಿಕ್. ಆಗ ಗೆಸ್ಟ್ ಬಿದ್ದದ್ದು ಮೆಮೊರಿಯಿಂದಲ್ಲ, ಕಾಯುವಿಕೆಯಿಂದ.

ಇನ್ನು ನಿಗಾ. ವರ್ಶ್ ಈವೆಂಟ್ ಕಮಾಂಡ್‌ಗೆ 'ಮೆಮೊರಿ-ಫೇಲ್ಯರ್' ಎಂಬ ಈವೆಂಟ್ ಹೆಸರು, '--ಲೂಪ್' ಕೊಟ್ಟರೆ ಪ್ರತಿ ಘಟನೆ ಸಿಗುತ್ತದೆ. ಕ್ಯೂಎಮು 5.2, ಲಿಬ್‌ವರ್ಟ್ 6.9ರಿಂದ ಇದೆ. 'ರಿಸಿಪಿಯಂಟ್' ಗೆಸ್ಟ್, 'ಆಕ್ಷನ್' ಇಂಜೆಕ್ಟ್ ಎಂದು ಬಂದ ವಿಎಂಗಳನ್ನೆಲ್ಲ 'ಮೈಗ್ರೇಟ್ ಮಾಡಬಾರದು' ಪಟ್ಟಿಗೆ ತಾನಾಗಿ ಸೇರಿಸುವ ಸ್ಕ್ರಿಪ್ಟ್ ಬರೆದಿಡಿ.

---

ತುಂಗಾತೀರ

ಇದನ್ನೆಲ್ಲ ಪರೀಕ್ಷೆ ಮಾಡದೆ ನಂಬಬೇಡಿ. ಪ್ರಯೋಗದ ಹೋಸ್ಟ್‌ನಲ್ಲಿ ಸಾಫ್ಟ್‌ವೇರ್‌ನಿಂದಲೇ ಮಾಡಬಹುದು. ಗೆಸ್ಟ್ ಒಳಗೆ ಒಂದು ಪ್ರೊಸೆಸ್ 100 ಎಂಬಿ ಹಿಡಿದು ಎಂಲಾಕ್ ಮಾಡಿ (ಮೆಮೊರಿಯಲ್ಲೇ ಹಿಡಿದಿಟ್ಟು), ಸುಮ್ಮನೆ ನಿದ್ರಿಸುತ್ತಿರಲಿ. ಪೇಜ್‌ಮ್ಯಾಪ್ ಫೈಲ್‌ನಿಂದ ಅದರ ಒಂದು ಪೇಜಿನ ಗೆಸ್ಟ್ ಭೌತಿಕ ವಿಳಾಸ ತೆಗೆಯಿರಿ. ಹೋಸ್ಟ್‌ನಲ್ಲಿ ಕ್ಯೂಎಮು ಮಾನಿಟರ್‌ನ ಜಿಪಿಎ2ಎಚ್‌ಪಿಎ ಕಮಾಂಡ್‌ಗೆ ಅದನ್ನು ಕೊಟ್ಟರೆ ಹೋಸ್ಟ್‌ನ ಭೌತಿಕ ವಿಳಾಸ ಬರುತ್ತದೆ. ಪೇಜ್ ಸಂಖ್ಯೆ ಸಿಗಲು ಅದನ್ನು 4096ರಿಂದ ಭಾಗಿಸಿ. ಎಚ್‌ಡಬ್ಲ್ಯೂಪಾಯ್ಸನ್-ಇಂಜೆಕ್ಟ್ ಮಾಡ್ಯೂಲ್ ಹಾಕಿ, ಡೀಬಗ್‌ಎಫ್‌ಎಸ್‌ನ ಎಚ್‌ಡಬ್ಲ್ಯೂಪಾಯ್ಸನ್ ಫೋಲ್ಡರ್‌ನಲ್ಲಿರುವ ಕರಪ್ಟ್-ಪಿಎಫ್‌ಎನ್ ಫೈಲ್‌ಗೆ ಆ ಸಂಖ್ಯೆ ಬರೆಯಿರಿ.

ಈ ದಾರಿಯಲ್ಲಿ ಮೊದಲು ಬರುವುದು 'ಎಒ' (ಆಕ್ಷನ್ ಆಪ್ಷನಲ್) ಬಗೆಯ ಸೂಚನೆ, ಪ್ಯಾಟ್ರೋಲ್ ಸ್ಕ್ರಬ್ ಪತ್ತೆಹಚ್ಚಿದಂತೆ: 'ಅಲ್ಲಿ ಕೆಟ್ಟಿದೆ, ಮುಟ್ಟಬೇಡ'. ಗೆಸ್ಟ್ ಸುಧಾರಿಸಿದ್ದರೆ ಆ ಪೇಜ್ ಬದಿಗೆ ಸರಿದಿರುತ್ತದೆ. ಆಮೇಲೆ ಪ್ರೊಸೆಸ್ಸನ್ನು ಎಬ್ಬಿಸಿ ಅದೇ ಪೇಜ್ ಮುಟ್ಟಿಸಿ, ಸಿಗ್‌ಬಸ್ ಆ ಪ್ರೊಸೆಸ್‌ಗೆ ಮಾತ್ರ ಬರಬೇಕು. ನಂತರ ಇದೇ ವಿಎಂ ಅನ್ನು ಮೈಗ್ರೇಟ್ ಮಾಡಲು ಹೋಗಿ: ಕ್ಯೂಎಮು 9.0 ಅಥವಾ ಅದರ ಮೇಲಿದ್ದರೆ ನಿರಾಕರಿಸಬೇಕು. ಕೊನೆಗೆ ಗೆಸ್ಟ್ ರೀಬೂಟ್ ಮಾಡಿ, ಮತ್ತೆ ಮೈಗ್ರೇಟ್ ಮಾಡಿ. ಈ ಸಲ ಹೋಗಬೇಕು. ಪೇಜಿನ ಮೂರೂ ಗಾತ್ರಕ್ಕೆ, ಅಂದರೆ 4 ಕೆಬಿ, 2 ಎಂಬಿ, 1 ಜಿಬಿಗೆ, ಬೇರೆ ಬೇರೆಯಾಗಿ ಮಾಡಿ. ಎಎಂಡಿ ಹೋಸ್ಟ್‌ಗಳಿದ್ದರೆ ಅಲ್ಲೂ ಪ್ರತ್ಯೇಕವಾಗಿ ಮಾಡಿ. ಹಳೆಯ ಕ್ಯೂಎಮು ಎಎಂಡಿ ಗೆಸ್ಟ್‌ಗೆ ಈ 'ಎಒ' ಸೂಚನೆ ದಾಟಿಸಿದರೆ ಗೆಸ್ಟ್ ಅದನ್ನು ಅರ್ಥಮಾಡಿಕೊಳ್ಳದೆ ಬೀಳುತ್ತದೆ.

ಮುಗಿದ ಮೇಲೆ ಅನ್‌ಪಾಯ್ಸನ್-ಪಿಎಫ್‌ಎನ್ ಫೈಲ್‌ಗೆ ಅದೇ ಸಂಖ್ಯೆ ಬರೆದು ಪೇಜನ್ನು ವಾಪಸ್ ಪಡೆಯಿರಿ, ಮೆಮ್‌ಇನ್ಫೋದ 'ಹಾರ್ಡ್‌ವೇರ್‌ಕರಪ್ಟೆಡ್' ಸಾಲು 0ಗೆ ಬಂದಿದೆಯೇ ನೋಡಿ. ಸಾಫ್ಟ್‌ವೇರ್‌ನಿಂದ ಕೆಡಿಸಿದ ಪೇಜಿಗೆ ಮಾತ್ರ ಇದು. ನಿಜವಾಗಿ ಕೆಟ್ಟ ಡಿಮ್ ಇರುವ ಹೋಸ್ಟ್‌ನಲ್ಲಿ ಈ ಫೈಲ್ ಮುಟ್ಟಬೇಡಿ.